ಅಳಿಲಮ್ಮನ ಬೀಗದ ಕೈ

ರೈಲು ಡಿಪೋದಲ್ಲಿ ಅವಳ ನಿಜವಾದ ಹೆಸರು ಹಾಜರಿ ಕೂಗುವವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಅಳಿಲಮ್ಮ. ಸಣ್ಣ ಮೈಕಟ್ಟು, ಚುರುಕು ಕೈ. ಎಂಥ ಸಂದಿಯಲ್ಲಾದರೂ ನುಸುಳಿ ಆಚೆ ಬರುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಹೆಸರಿಟ್ಟವಳು ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಆ ಡಿಪೋದಲ್ಲಿ ರೈಲಿನ ಅಡಿಯ ಕೆಲಸಕ್ಕೆ ಇಳಿದ ಮೊದಲ ಹೆಂಗಸು. ಅಳಿಲಮ್ಮನಿಗೆ ಸ್ಪ್ಯಾನರ್ ಹಿಡಿಯುವುದರಿಂದ ಮೊದಲುಗೊಂಡು ಗಂಡಸರ ಕುಚೋದ್ಯಕ್ಕೆ ತಿರುಗೇಟು ಕೊಡುವವರೆಗೆ ಎಲ್ಲವನ್ನೂ ಕಲಿಸಿದವಳು. ಊಟದ ಡಬ್ಬಿ ಬಿಚ್ಚಿದರೆ ಅಳಿಲಮ್ಮನ ಪಲ್ಯ ಅಕ್ಕನ ತಟ್ಟೆಗೆ, ಅಕ್ಕನ ಉಪ್ಪಿನಕಾಯಿ ಅಳಿಲಮ್ಮನ ತಟ್ಟೆಗೆ, ಯಾರೂ ಯಾರನ್ನೂ ಕೇಳದೆ ಹೋಗುತ್ತಿದ್ದವು.

ಆ ಊರಿನ ರೈಲು ಓಡುವುದು ನೆಲದಡಿಯಲ್ಲಿ. ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ ಒಂದಷ್ಟು ರೈಲುಗಳು ಸುರಂಗದಿಂದ ಏರು ಹತ್ತಿ ಡಿಪೋಗೆ ಬಂದು ನಿಲ್ಲುತ್ತವೆ. ಬಿಸಿ ಕಬ್ಬಿಣದ ವಾಸನೆ, ಮೈತುಂಬ ಕರಿ ಧೂಳು. ಸಂಜೆ ಕಚೇರಿಗಳು ಬಿಡುವುದರೊಳಗೆ ಅವುಗಳ ಬ್ರೇಕು, ಚಕ್ರ, ಮೋಟಾರು ನೋಡಿ, ಸರಿಮಾಡಿ, ಮತ್ತೆ ಕೆಳಗೆ ಕಳಿಸಬೇಕು. ಅದಕ್ಕೆಂದೇ ಹಳಿಗಳ ನಡುವೆ ಎದೆಮಟ್ಟದ ಉದ್ದನೆಯ ಗುಂಡಿಗಳಿವೆ. ರೈಲು ಮೇಲೆ ಬಂದು ನಿಂತರೆ ಇವರು ಕೆಳಗಿಳಿದು ಅದರ ಹೊಟ್ಟೆ ನೋಡುತ್ತಾರೆ.

ಅಳಿಲಮ್ಮನ ಗಂಡ ದರ್ಜಿ. ಮನೆಯಲ್ಲೇ ಮಿಷನ್ನು ಹಾಕಿಕೊಂಡಿದ್ದಾನೆ. ಹೀಗಾಗಿ ಅವಳ ಅತ್ತೆ ಬಂದವರ ಮುಂದೆಲ್ಲ ಒಂದು ಮಾತು ಹೇಳಿ ನಗಿಸುತ್ತಿದ್ದರು: "ನನ್ನ ಮಗ ಮನೇಲಿ ಕೂತು ಗುಂಡಿ ಹೊಲೀತಾನೆ, ಸೊಸೆ ಹೊರಗೆ ಹೋಗಿ ಗುಂಡಿಗಿಳೀತಾಳೆ. ನಮ್ಮನೇಲಿ ಎಲ್ಲಾ ತಲೆಕೆಳಗು." ಮಾತು ಅಷ್ಟೇ. ಸೊಸೆ ಬರುವುದು ಸ್ವಲ್ಪ ತಡವಾದರೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಗುಂಡಿಯ ತುದಿಯಲ್ಲಿ, ಗೋಡೆಗೆ ಒಂದು ದೊಡ್ಡ ಸ್ವಿಚ್ಚು ಇರುತ್ತದೆ. ಅದನ್ನು ಮೇಲೆತ್ತಿದರೆ ರೈಲಿಗೆ ಕರೆಂಟು. ಕೆಲಸಕ್ಕೆ ಮೊದಲು ಅದನ್ನು ಕೆಳಗಿಳಿಸಿ, ಗುಂಡಿಗೆ ಹೋಗುವ ಪ್ರತಿಯೊಬ್ಬರೂ ಅದರ ಹಿಡಿಗೆ ತಮ್ಮದೊಂದು ಬೀಗ ಜಡಿಯಬೇಕು. ಬೀಗದ ಕೈ ತಮ್ಮ ಜೇಬಿನಲ್ಲೇ ಇರಬೇಕು. ಕಟ್ಟಕಡೆಯವರು ಮೇಲೆ ಬಂದು ತಮ್ಮ ಬೀಗ ತೆಗೆಯುವವರೆಗೆ ಕರೆಂಟು ಬರುವ ಮಾತಿಲ್ಲ. ನಿಯಮ ಹೀಗೆ.

ಅಕ್ಕ ಮತ್ತು ಅಳಿಲಮ್ಮ ಬೀಗ ಹಾಕುವುದರಲ್ಲಿ ಎಂದೂ ತಪ್ಪಲಿಲ್ಲ. ಆದರೆ ಬೀಗದ ಕೈಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅಕ್ಕನದು ಅಳಿಲಮ್ಮನ ಜೇಬಿಗೆ, ಅಳಿಲಮ್ಮನದು ಅಕ್ಕನ ಜೇಬಿಗೆ. ಕೆಲಸ ಮುಗಿದಾಗ ಒಬ್ಬಳು ಇನ್ನೊಬ್ಬಳನ್ನು ಹುಡುಕಿಕೊಂಡು ಹೋಗಿ, ಮುಖ ನೋಡಿ, ತನ್ನದನ್ನು ಇಸಿದುಕೊಳ್ಳಬೇಕು. ಮೊದಲು ಮುಗಿಸಿದವಳು ತನ್ನ ಬೀಗ ತೆಗೆದು, ಇನ್ನೊಬ್ಬಳ ಬೀಗದ ಕೈ ಇಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕಾಯಬೇಕು. "ಒಬ್ಬರ ಮುಖ ಒಬ್ಬರು ನೋಡದೆ ಇಲ್ಲಿ ಕರೆಂಟು ಬರಬಾರದು ಕಣೇ," ಎಂದು ಅಕ್ಕ ಮೊದಲ ದಿನವೇ ಹೇಳಿಕೊಟ್ಟ ಪದ್ಧತಿ ಅದು. ನಿಯಮಕ್ಕೆ ವಿರುದ್ಧವೆಂದು ಇಬ್ಬರಿಗೂ ಗೊತ್ತು. ಅದಕ್ಕೇ ಕಡಲೆಬೀಜ ಹಂಚಿಕೊಂಡಂತೆ ಮುಷ್ಟಿಯಿಂದ ಮುಷ್ಟಿಗೆ ದಾಟಿಸುತ್ತಿದ್ದರು. ಬೇರೆ ಯಾರೂ ಕಂಡವರಿಲ್ಲ. ಅಳಿಲಮ್ಮನಿಗೆ ಆ ಗುಟ್ಟಿನಲ್ಲೇ ಒಂದು ಹೆಮ್ಮೆ. ತನ್ನ ಜೀವವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವಳು ಒಬ್ಬಳಿದ್ದಾಳಲ್ಲ ಎಂದು.

ವರ್ಷ ಕಳೆದಂತೆ ಅಕ್ಕನ ಮಂಡಿ ಸವೆಯಿತು. ಬಗ್ಗಿದರೆ ಏಳುವುದು ಕಷ್ಟ. ಕುಕ್ಕರುಗಾಲಲ್ಲಿ ಮಾಡುವ ಕೆಲಸವನ್ನೆಲ್ಲ ಅಳಿಲಮ್ಮ ತಾನೇ ಎಳೆದುಕೊಂಡಳು. ಅಕ್ಕ ನಿಂತು ಮಾಡುವುದನ್ನು ಮಾಡಿ ಬೇಗ ಮುಗಿಸಿ ಮೇಲೆ ಹೋಗುತ್ತಿದ್ದಳು. ಅದೇ ಹೊತ್ತಿಗೆ ಪಾಳಿಯ ಮೇಲ್ವಿಚಾರಣೆಯ ಹುದ್ದೆಯೊಂದು ಖಾಲಿಯಾಯಿತು. ಕುರ್ಚಿ, ಮೇಜು, ನಿಂತು ಹೇಳುವ ಕೆಲಸ. ಅಕ್ಕನಿಗೇ ಸಿಗುತ್ತದೆಂದು ಎಲ್ಲರೂ ಹೇಳುತ್ತಿದ್ದರು.

ಆ ದಿನ ಅಳಿಲಮ್ಮ ಬ್ರೇಕಿನ ಪ್ಯಾಡು ಬದಲಾಯಿಸುತ್ತಿದ್ದಳು. ಅಕ್ಕ ತನ್ನ ಕೆಲಸ ಮುಗಿಸಿ ಬಂದು ಕೈಚಾಚಿದಳು.

"ನಂದು ಕೊಡೇ. ಮುಗೀತು."

"ನನಗೆ ಇನ್ನೊಂದು ಬೋಲ್ಟು. ನೀನು ಹೋಗಿರು, ಬಂದೆ."

ಅಕ್ಕ ತನ್ನ ಬೀಗದ ಕೈ ಇಸಿದುಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಫೋರ್‌ಮನ್ ಕಾಲಿಗೆ ಬೆಂಕಿ ಬಿದ್ದವನಂತೆ ಓಡಾಡುತ್ತಿದ್ದ. ಸುರಂಗದಲ್ಲಿ ಒಂದು ರೈಲು ಕೆಟ್ಟು ನಿಂತಿತ್ತು, ಅದರ ಬದಲಿಗೆ ಇದನ್ನು ಕೂಡಲೇ ಕಳಿಸಬೇಕಿತ್ತು. "ಆಯ್ತೇನಮ್ಮಾ ನಿಮ್ಮಿಬ್ಬರ ಸಂಸಾರ?" ಎಂದು ಕೂಗಿದ. ಆಚೆ ನಲ್ಲಿಯ ಹತ್ತಿರ ಅವರದೇ ನೀಲಿ ಸಮವಸ್ತ್ರದ ಸಣ್ಣ ಮೈಯವಳೊಬ್ಬಳು ಬೆನ್ನು ಹಾಕಿಕೊಂಡು ಕೈ ತೊಳೆಯುತ್ತಿದ್ದಳು. ಅಳಿಲಮ್ಮನೇ ಮೇಲೆ ಬಂದಳೆಂದು ಅಕ್ಕ ತಿಳಿದಳು. ಹತ್ತಿರ ಹೋಗಿ ಮುಖ ನೋಡಲಿಲ್ಲ. ತನ್ನ ಬೀಗ ತೆಗೆದಳು, ತನ್ನ ಬಳಿಯಿದ್ದ ಬೀಗದ ಕೈಯಿಂದ ಅಳಿಲಮ್ಮನ ಬೀಗವನ್ನೂ ತೆಗೆದಳು. ಫೋರ್‌ಮನ್ ಸ್ವಿಚ್ಚು ಎತ್ತಿದ.

ಕೆಳಗೆ ಅಳಿಲಮ್ಮನಿಗೆ ಮೊದಲು ಕೇಳಿದ್ದು ಬ್ರೇಕಿಗೆ ಗಾಳಿ ತುಂಬುವ ಪಂಪು ಗುರ್ರೆನ್ನುವ ಸದ್ದು. ಆ ಸದ್ದಿನ ಅರ್ಥ ಅವಳ ತಲೆಗಿಂತ ಮೊದಲು ಅವಳ ಕೈಗೆ ತಿಳಿಯಿತು. ಎಳೆದುಕೊಂಡಳು. ಬ್ರೇಕು ಕಚ್ಚಿತು. ಕೈ ಆಚೆ ಬಂತು, ಗವಸು ಒಳಗೇ ಉಳಿಯಿತು. ಹಿಂದಕ್ಕೆ ಬಿದ್ದ ರಭಸಕ್ಕೆ ಹಣೆ ಗುಂಡಿಯ ಗೋಡೆಗೆ ಬಡಿದು ರಕ್ತ ಇಳಿಯಿತು. ಕರೆಂಟು ತುಂಬಿದ್ದ ಕಬ್ಬಿಣ ಅವಳ ಭುಜಕ್ಕೆ ಒಂದು ಗೇಣು ದೂರದಲ್ಲಿತ್ತು. ದೇವರ ಕೈ ಅಡ್ಡ ಬಂತು ಎನ್ನದೆ ಬೇರೆ ಏನೆನ್ನಬೇಕೋ ತಿಳಿಯದು.

ಕಿರುಚಿದ ದನಿ ಕೇಳಿ ಫೋರ್‌ಮನ್ ಸ್ವಿಚ್ಚು ಇಳಿಸಿದ, ಅಕ್ಕ ಸವೆದ ಮಂಡಿಯಲ್ಲೇ ಗುಂಡಿಗಿಳಿದು ಓಡಿ ಬಂದಳು. ಅವಳನ್ನು ತಬ್ಬಿಕೊಂಡು, ತನ್ನ ಸೆರಗಿಲ್ಲದ ಸಮವಸ್ತ್ರದ ತೋಳಿನಿಂದಲೇ ರಕ್ತ ಒರೆಸುತ್ತ ಅತ್ತಳು.

"ತಪ್ಪು ನಂದು ಕಣೇ. ನಾನೇ ಹೇಳ್ತೀನಿ ಮೇಲಿನವರಿಗೆ. ನಾನೇ ಹೇಳ್ತೀನಿ."

"ಸುಮ್ನಿರಕ್ಕ. ಬೇಕಂತ ಮಾಡಿದ್ಯಾ?" ಎಂದು ಪೆಟ್ಟು ತಿಂದ ಅಳಿಲಮ್ಮನೇ ಅವಳನ್ನು ಸಮಾಧಾನ ಮಾಡಿದಳು. ಅಪ್ಪುಗೆ ಬಿಡಿಸಿಕೊಂಡಾಗ ತನ್ನ ಜೇಬು ಭಾರವಾಗಿರುವುದು ಗೊತ್ತಾಯಿತು. ಅವಳ ಬೀಗ, ಅದರ ಕೈ, ಎರಡನ್ನೂ ಅಕ್ಕ ಅಲ್ಲಿ ಹಾಕಿದ್ದಳು. ಆಗ ಅದು ಏನೂ ಅನ್ನಿಸಲಿಲ್ಲ.

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ಅತ್ತೆ ಅವಳ ಹಣೆ ನೋಡಿ ಎದೆ ಹಿಡಿದುಕೊಂಡರು. ನಡೆದದ್ದನ್ನು ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅವಳು ಒಪ್ಕೋತಾಳಾ?"

"ಒಪ್ಕೋತಾಳೆ ಅತ್ತೆ. ಬಾಯಿಬಿಟ್ಟು ಹೇಳಿದ್ದಾಳೆ."

"ಸರಿ ಬಿಡು," ಎಂದರು ಅತ್ತೆ. ಸರಿ ಎಂದು ಅವರ ಮುಖವೇನೂ ಹೇಳಲಿಲ್ಲ.

ಇಂಥದ್ದು ನಡೆದ ಮೇಲೆ ಡಿಪೋದಲ್ಲಿ ವಿಚಾರಣೆ ತಪ್ಪದು; ಅದರ ಫಲ ಏನೆಂದು ಅಳಿಲಮ್ಮನಿಗೆ ಗೊತ್ತಿತ್ತು. ಬೀಗ ಹಾಕದೆ ಇಳಿದವರನ್ನು ಮತ್ತೆ ಗುಂಡಿಗೆ ಬಿಡುವುದಿಲ್ಲ. ಬೀಗದ ಕೈ ಬದಲಾಯಿಸಿಕೊಂಡಿದ್ದೆವು ಎಂದರೆ ಇಬ್ಬರಿಗೂ ಛೀಮಾರಿ ತಪ್ಪದು, ಅಕ್ಕನ ಹುದ್ದೆಯೂ ಹಿಂದೆ ಬೀಳಬಹುದು; ಆದರೆ ಗುಂಡಿಯ ಕೆಲಸ ಉಳಿಯುತ್ತದೆ. ಆ ಕೆಲಸ ಅವಳಿಗೆ ಬೇಕಿತ್ತು. ಬೇರೆ ಯಾವುದರಲ್ಲೂ ಅವಳು ತಾನು ಗಟ್ಟಿಗಿತ್ತಿಯೆಂದು ತಿಳಿದವಳಲ್ಲ. ಅಕ್ಕ ಮಾತ್ರ ಅಂದಿನಿಂದ ಊಟಕ್ಕೆ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು, ಉಪವಾಸ ಎಂದಳು. ನಾಚಿಕೆಯಿರಬೇಕು, ಪಾಪ, ಎಂದುಕೊಂಡಳು ಅಳಿಲಮ್ಮ. ಪಲ್ಯ ಡಬ್ಬಿಯಲ್ಲೇ ಉಳಿಯಿತು.

ವಿಚಾರಣೆ ನಡೆಸಿದ ಸುರಕ್ಷತಾ ಅಧಿಕಾರಿ ಒರಟನಲ್ಲ. ಇಬ್ಬರನ್ನೂ ಒಟ್ಟಿಗೇ ಕೂರಿಸಿ, ನೀರು ತರಿಸಿ, ಮೊದಲು ಹಿರಿಯವರು ಹೇಳಲಿ ಎಂದ. ಅಕ್ಕ ಮೇಜಿನ ಅಂಚನ್ನೇ ನೋಡುತ್ತ ಹೇಳಿದಳು.

"ಸ್ವಿಚ್ಚಿನ ಮೇಲೆ ಇದ್ದದ್ದು ನನ್ನ ಬೀಗ ಒಂದೇ ಸರ್. ಅವಳದ್ದು ಇರಲಿಲ್ಲ. ಅವಳೂ ಮೇಲೆ ಬಂದಿದಾಳೆ ಅಂತ ನನ್ನದು ತೆಗೆದೆ."

ಅಳಿಲಮ್ಮನಿಗೆ ಒಂದು ಗಳಿಗೆ ಇದು ಬೇರೆ ಯಾವುದೋ ದಿನದ ಮಾತು ಎನ್ನಿಸಿತು. "ಅಕ್ಕ?" ಎಂದಳು.

"ನೀವು ಹೇಳಿ," ಎಂದ ಅಧಿಕಾರಿ.

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀಗ ಹಾಕಿದ್ದು, ಕೈ ಬದಲಾಯಿಸಿಕೊಂಡದ್ದು, ಅದು ತಪ್ಪೆಂದು ಗೊತ್ತಿದ್ದದ್ದು, ಆದರೂ ವರ್ಷಗಟ್ಟಲೆ ಹಾಗೇ ಮಾಡಿಕೊಂಡು ಬಂದದ್ದು.

"ಕೈ ಬದಲಾಯಿಸಿಕೊಳ್ಳೋದಾ?" ಅಧಿಕಾರಿ ಪೆನ್ನು ಕೆಳಗಿಟ್ಟು ಅಕ್ಕನ ಕಡೆ ನೋಡಿದ. "ಇದು ನಿಜವೇನಮ್ಮ?"

"ಇಲ್ಲ ಸರ್." ಅಕ್ಕ ಸಣ್ಣಗೆ ನಕ್ಕಳು. "ಕೈ ಅದಲುಬದಲು ಮಾಡಿ ಆಟ ಆಡೋಕೆ ನಾವೇನು ಚಿಕ್ಕ ಮಕ್ಕಳಾ ಸರ್. ಪೆಟ್ಟು ಬಿದ್ದು ಗಾಬರಿಯಾಗಿದಾಳೆ, ಪಾಪ."

ಬೀಗ ಇರಲಿಲ್ಲ ಎಂದಾಗ ಅಳಿಲಮ್ಮನಿಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಸಿಟ್ಟೂ ಬರಲಿಲ್ಲ. ಮೊದಲನೆಯದು ಒಂದು ದಿನದ ಸುಳ್ಳು. ಎರಡನೆಯದು ಅವರಿಬ್ಬರ ಅಷ್ಟೂ ದಿನಗಳನ್ನು ಗುಡಿಸಿ ಹೊರಗೆ ಹಾಕಿತು. ಸಾಕ್ಷಿ ಯಾರಿದ್ದಾರೆ? ಯಾರೂ ನೋಡಬಾರದೆಂದೇ ಅಲ್ಲವೇ ಮುಷ್ಟಿ ಬಿಗಿದದ್ದು. ಫೋರ್‌ಮನ್ ತಾನು ಬೀಗಗಳನ್ನು ಗಮನಿಸಲಿಲ್ಲ ಎಂದು ಜಾರಿಕೊಂಡ. ಅವಳ ಬೀಗವೋ, ಅವಳ ಜೇಬಿನಲ್ಲೇ ಸಿಕ್ಕಿದ್ದು ಆಸ್ಪತ್ರೆಯವರಿಗೂ ಗೊತ್ತಿತ್ತು.

ಆ ಜೇಬಿನ ವಿಷಯ ಅವಳನ್ನು ಬಹಳ ದಿನ ಕೊರೆಯಿತು. ಅಪ್ಪಿಕೊಂಡು ಅಳುವಾಗ ಅಕ್ಕನ ಕಣ್ಣೀರು ನಿಜ. ಅದು ಅವಳ ಕುತ್ತಿಗೆಗೆ ಬಿಸಿಯಾಗಿ ತಾಗಿತ್ತು. ಅದೇ ಹೊತ್ತಿನಲ್ಲಿ ಅಕ್ಕನ ಕೈ ಬೀಗವನ್ನು ಜೇಬಿಗೆ ಇಳಿಸಿತ್ತು. ಎಂದಿನಂತೆ ಹಿಂದಿರುಗಿಸಿದ್ದೋ, ಆಗಲೇ ಲೆಕ್ಕ ಹಾಕಿದ್ದೋ? ಕೇಳಿದರೆ ಅಕ್ಕನಿಗಾದರೂ ಗೊತ್ತಿದ್ದೀತೇ?

ಅವಳನ್ನು ಗುಂಡಿಯಿಂದ ತೆಗೆದು ರೈಲು ತೊಳೆಯುವ ಕಡೆ ಹಾಕಿದರು. ಉದ್ದ ಕೋಲಿನ ಕುಂಚ, ಸೋಪಿನ ನೀರು, ಕಿಟಕಿ ಗಾಜಿನ ಮೇಲೆ ಯಾರೋ ತಲೆಯಿಟ್ಟು ನಿದ್ದೆ ಮಾಡಿದ ಎಣ್ಣೆಯ ಗುರುತುಗಳು. ಹೊರಗಿನಿಂದ ರೈಲು ಎಷ್ಟು ಉದ್ದ ಎಂದು ಅವಳಿಗೆ ಆಗಲೇ ತಿಳಿದದ್ದು. ಅಕ್ಕ ಮೇಲ್ವಿಚಾರಕಿಯಾದಳು. ಡಿಪೋದ ಗಂಡಸರು, "ಅಳಿಲಮ್ಮ ಮರದಿಂದ ಇಳಿದು ಕೊಳಕ್ಕೆ ಬಿದ್ದಳು," ಎಂದು ನಕ್ಕರು. ಅವಳೂ ನಕ್ಕಳು. ಅದಕ್ಕೆ ಏನು ತಿರುಗೇಟು ಕೊಡಬೇಕೆಂದು ಹೊಳೆಯಲಿಲ್ಲ.

ಬೆಳಗ್ಗೆ ಸ್ನಾನ ಮಾಡಿ ದೇವರ ಮುಂದೆ ನಿಂತು ಒಬ್ಬೊಬ್ಬರನ್ನಾಗಿ ನೆನೆದು ಕಾಪಾಡಪ್ಪಾ ಎನ್ನುವುದು ಅವಳ ರೂಢಿ. ಅತ್ತೆ, ಅಕ್ಕ, ಗಂಡ ಎಂಬುದು ಅಲ್ಲಿನ ಸರದಿ. ವಿಚಾರಣೆಯಾದ ಮೇಲೆ ಅಕ್ಕನ ಜಾಗಕ್ಕೆ ಬಂದಾಗ ನಾಲಿಗೆ ನಿಂತುಬಿಡುತ್ತಿತ್ತು. ಕೆಡುಕಾಗಲಿ ಎನ್ನಲು ಮನಸ್ಸಿಲ್ಲ, ಒಳ್ಳೆಯದಾಗಲಿ ಎನ್ನಲು ಬಾಯಿಲ್ಲ. ದೀಪದ ಬತ್ತಿ ಸರಿಮಾಡಿ ಗಂಡನಿಗೆ ದಾಟುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ಅಕ್ಕ ಮನೆಗೇ ಬಂದಳು. ಮೂರನೆಯ ಮಹಡಿ, ಲಿಫ್ಟಿಲ್ಲದ ಕಟ್ಟಡ. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ಗಂಡ ಹೊಲಿಗೆ ನಿಲ್ಲಿಸಿ ಎದ್ದು ಒಳಗೆ ಹೋದ. ಅತ್ತೆ ಹೋಗಲಿಲ್ಲ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, ಇದ್ದಕ್ಕಿದ್ದಂತೆ ಗೊರಕೆ ಶುರುಮಾಡಿದರು.

"ಹಣೆ ವಾಸಿಯಾಯ್ತಾ?" ಎಂದಳು ಅಕ್ಕ.

"ಆಯ್ತು."

"ನನ್ನ ಮಂಡಿ ನಿನಗೆ ಗೊತ್ತಲ್ಲ. ಇನ್ನೊಂದು ವರ್ಷ ಗುಂಡಿಗಿಳಿದಿದ್ರೆ ನಡೆಯೋಕೇ ಆಗ್ತಿರಲಿಲ್ಲ. ಆ ಕುರ್ಚಿ ತಪ್ಪಿದ್ರೆ ನನಗೆ ಬೇರೆ ದಾರಿ ಇರಲಿಲ್ಲ ಕಣೇ."

"ನನಗೆ ಹೇಳಬಹುದಿತ್ತು. ಮೊದಲೇ ಹೇಳಿದ್ರೆ ನಾನೇ ನಿನ್ನ ಬದಲು ಸುಳ್ಳು ಹೇಳ್ತಿದ್ನೇನೋ."

ಗೊರಕೆ ನಿಂತು, ತಡವರಿಸಿ, ಮತ್ತೆ ಹೊರಟಿತು.

"ಈಗ ಪಾಳಿ ನನ್ನ ಕೈಯಲ್ಲಿದೆ," ಎಂದಳು ಅಕ್ಕ. "ಮಳೆಗಾಲ ಕಳೀಲಿ, ನಿನ್ನನ್ನ ಗುಂಡಿಗೆ ವಾಪಸ್ ಹಾಕಿಸ್ತೀನಿ. ಮಾತಾಡಿದೀನಿ. ನೀನು ಹ್ಞೂಂ ಅಂದ್ರೆ ಸಾಕು."

ಅಳಿಲಮ್ಮನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು. ಅವಕ್ಕೆ ಬೇಕಿತ್ತು. ಬೋಲ್ಟು ಕೊನೆಯ ಸುತ್ತಿಗೆ ಬಿಗಿದು ನಿಲ್ಲುವ ಆ ಹಿತ ಅವಕ್ಕೆ ಇನ್ನೂ ಮರೆತಿರಲಿಲ್ಲ.

"ಕರೆಂಟು ಬಿಡು ಅನ್ನೋದು ಯಾರು?" ಎಂದು ಕೇಳಿದಳು.

"ನಾನೇ. ಮೇಲ್ವಿಚಾರಣೆ ಅಂದ್ರೆ ಅದೇ ತಾನೇ?"

"ಹಾಗಾದ್ರೆ ಬೇಡ. ನಿನ್ನ ಕೈಕೆಳಗೆ ರೈಲು ತೊಳೀತೀನಿ, ಅದಕ್ಕೆ ಏನಿಲ್ಲ. ನೀನು ಮೇಲಿರುವಾಗ ಗುಂಡಿಗಿಳಿಯೋಕೆ ನನ್ನಿಂದ ಆಗಲ್ಲ ಅಕ್ಕ."

"ಇನ್ನೂ ಅಕ್ಕ ಅಂತೀಯಲ್ಲ."

"ರೂಢಿ. ಬಿಡೋಕೆ ಸ್ವಲ್ಪ ದಿನ ಬೇಕು."

ಅಕ್ಕ ಎದ್ದಳು. ಏಳುವಾಗ ಕುರ್ಚಿಯ ಕೈ ಹಿಡಿದು, ಮತ್ತೆ ಕೂತು, ಮತ್ತೆ ಎದ್ದಳು. ಹಿಂದಾದರೆ ಅಳಿಲಮ್ಮನ ಹೆಗಲು ಕೇಳದೆಯೇ ಅಲ್ಲಿರುತ್ತಿತ್ತು. ಬಾಗಿಲು ದಾಟಿದ ಮೇಲೆ ಮೆಟ್ಟಿಲ ಮೇಲೆ ಅವಳು ಒಂದು ಕಾಲಿಟ್ಟು, ಇನ್ನೊಂದನ್ನು ಎಳೆದುಕೊಳ್ಳುವ ಸದ್ದು ಕೇಳಿತು. ಆ ಕಟ್ಟಡದ ಮೆಟ್ಟಿಲುಗಳಲ್ಲಿ ಹಗಲೂ ಕತ್ತಲೆ.

"ಹೋದಳಾ?" ಎಂದರು ಅತ್ತೆ, ಗೋಡೆಯ ಕಡೆಗೇ.

"ಇಳೀತಿದಾಳೆ."

ಅಳಿಲಮ್ಮ ಹೊಸಿಲಿನವರೆಗೆ ಹೋಗಿ ಮೆಟ್ಟಿಲಿನ ದೀಪ ಹಾಕಿದಳು. ಕೆಳಗೆ ಮೆಟ್ಟಿಲ ಕಂಬಿ ಹಿಡಿದಿದ್ದ ಅಕ್ಕ ತಲೆಯೆತ್ತಿ ನೋಡಿದಳು. ಅಳಿಲಮ್ಮ ಅಲ್ಲಿಂದ ಕದಲಲಿಲ್ಲ. ಕೊನೆಯ ಮೆಟ್ಟಿಲಿನ ಸದ್ದು ಮುಗಿಯುವವರೆಗೆ ನಿಂತಿದ್ದು, ದೀಪ ಆರಿಸಿ ಒಳಗೆ ಬಂದಳು.