ಆರು ಹತ್ತರ ಬಕೆಟ್ಟು

ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸಾಗರ ಪಟ್ಟಣದ ನಮ್ಮ ಮನೆಯ ಹಿಂದೆ ಹಳ್ಳ ದಾಟುವ ಕಾಲುಸಂಕದ ಮೇಲೆ ಹಾಜರಿರುವವರು ಇಬ್ಬರು: ನಾನು, ಮತ್ತು ಎದುರಿನ ಗೂಟದ ಮೇಲೆ ಕೂತ ಒಂದು ಮಿಂಚುಳ್ಳಿ. ನೀಲಿ ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂತಿದ್ದೇನೆ. ವರ್ಷದಿಂದ ಅದಕ್ಕೆ ಬೇರೆ ಕೆಲಸವಿಲ್ಲ. ಆದರೂ ಬಗ್ಗಿದರೆ ಸಣ್ಣಗೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ತಾಗುತ್ತದೆ. ನೀವು ಮುಖ ಸಿಂಡರಿಸಬೇಡಿ. ನನಗದು ಮಲ್ಲಿಗೆಯಷ್ಟೇ ಪ್ರಿಯವಾಗಿದ್ದ ವಾಸನೆ.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ನಿವೃತ್ತಿಯ ದಿನ ವಾರ್ಡು ಬಿಟ್ಟೆ, ರೋಗಿಗಳನ್ನು ಬಿಟ್ಟೆ. ವೇಳಾಪಟ್ಟಿ ಮಾತ್ರ ನನ್ನ ಜೊತೆಗೇ ಮನೆಗೆ ಬಂತು. ಐದಕ್ಕೆ ಏಳುವುದು, ಐದೂವರೆಗೆ ಕಾಫಿ, ಆಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಬಚ್ಚಲು, ಜಗಲಿ ಎಲ್ಲ ತೊಳೆದು, ಆರು ಹತ್ತಕ್ಕೆ ಸರಿಯಾಗಿ ಬಕೆಟ್ಟನ್ನು ಹಿಂದಿನ ಚರಂಡಿಗೆ ಸುರಿಯುವುದು. ಮಾಡಿದ್ದನ್ನೆಲ್ಲ ಡೈರಿಯಲ್ಲಿ ಬರೆಯುವುದು. ಬರೆದದ್ದನ್ನು ಹೊಡೆದು ತಿದ್ದುವ ಅಭ್ಯಾಸ ಮಾತ್ರ ಇರಲಿಲ್ಲ. "ನಿನ್ನ ನೋಡಿ ಗಡಿಯಾರದ ಟೈಮು ಸರಿಮಾಡಬಹುದು ಮಾರಾಯ್ತಿ" ಎನ್ನುತ್ತಿದ್ದರು ನಮ್ಮ ಯಜಮಾನರು. ಹೊಗಳಿಕೆಯೆಂದೇ ತಿಳಿದಿದ್ದೆ.

ಹೋದ ಬೇಸಿಗೆಯಲ್ಲಿ ನಮ್ಮ ಮುಂದಿನ ಕೋಣೆಗೆ ಚೈತ್ರ ಬಂದಳು. ಮೇಳಿಗೆ ಊರಿನ ಹುಡುಗಿ, ಎಂ.ಎಸ್ಸಿ. ಓದುತ್ತಿದ್ದಳು. ಪಟ್ಟಣದ ಹಾಳಾದ ಹಳ್ಳಗಳಿಗೆ ಮತ್ತೆ ಜೀವ ತರುವುದು ಹೇಗೆಂದು ಅಧ್ಯಯನ ಮಾಡಲು ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಸಿಕ್ಕಿತ್ತು. ಅವಳ ಪಾಲಿಗೆ ಬಂದದ್ದು ನಮ್ಮ ಹಿತ್ತಲಿನ ಹಳ್ಳ. ಕಾಲುಸಂಕದಿಂದ ಮೇಲಿನ ಹರಿವಿನಲ್ಲಿ ಮೀನುಮರಿಗಳಿವೆ, ಕೆಳಗಿನ ಹರಿವಿನಲ್ಲಿ ಒಂದೂ ಇಲ್ಲ, ಕಾರಣವೇನು? ಅದನ್ನು ಹೇಳದಿದ್ದರೆ ಅವಳ ವರದಿ ಅರ್ಧಕ್ಕೇ ನಿಲ್ಲುತ್ತಿತ್ತು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಮೀಟರೊಂದನ್ನು ಸಂಕದ ಕೆಳಗೆ ಕಟ್ಟಿದಳು. ಕಂಪ್ಯೂಟರಿನಲ್ಲಿ ಅದರ ಗೆರೆ ದಿನವಿಡೀ ಮಲಗಿರುತ್ತಿತ್ತು. ಬೆಳಿಗ್ಗೆ ಆರೂಕಾಲಿಗೆ ಮಾತ್ರ ನೆಟ್ಟಗೆ ಎದ್ದು ನಿಲ್ಲುತ್ತಿತ್ತು.

"ಯಾರೋ ಎಂತದೋ ಬಿಡ್ತಿದಾರೆ ಸಿಸ್ಟರಮ್ಮ. ದಿನಾ ಅದೇ ಟೈಮಿಗೆ! ಮನುಷ್ಯರು ಇಷ್ಟು ಕರೆಕ್ಟಾಗಿ ಇರಲ್ಲ. ಮೆಷಿನ್ನೇ ಇರ್ಬೇಕು."

"ಮಂಜಣ್ಣನ ಹೋಟ್ಲು. ಮತ್ಯಾರು?" ಎಂದೆ ನಾನು.

ಪಕ್ಕದ ಮಂಜಣ್ಣನ ಹೋಟೆಲಿಗೂ ನಮಗೂ ಒಂದೇ ಚರಂಡಿ, ಅದು ಸೇರುವುದು ಸಂಕದ ಬಳಿ ಹಳ್ಳಕ್ಕೆ. ಅವನು ಟೇಬಲ್ ಒರೆಸುವ ಬಟ್ಟೆಯ ಬಣ್ಣ ನೋಡಿದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ವರದಿಯ ಒಂದು ಪ್ರತಿ ನಗರಸಭೆಗೂ ಹೋಗುವುದಿತ್ತು. ಹೆಸರು ಬಂದರೆ ಹೋಟೆಲಿಗೆ ಬೀಗ ಬೀಳಬಹುದಿತ್ತು. "ಹೆಸ್ರು ಹಾಕಿ ಬರಿ, ಹೆದರ್ಬೇಡ" ಎಂದು ದಿನವೂ ಹುರಿದುಂಬಿಸಿದೆ.

ಸುದ್ದಿ ತಿಳಿದು ಮಂಜಣ್ಣ ಬೇಲಿಯ ಹತ್ತಿರ ಬಂದ. "ಎಂತ ಸಿಸ್ಟರೇ, ಆರೂಕಾಲಿಗೆ ನಾನು ಹಲ್ಲೇ ಉಜ್ಜಿರಲ್ಲ! ಪಾತ್ರೆ ಎಲ್ಲಿಂದ ತೊಳೀಲಿ?"

"ಅದನ್ನೂ ಬರ್ಕೊ ಚೈತ್ರ" ಎಂದೆ.

ವರದಿ ಕೊಡಲು ಐದು ದಿನ ಉಳಿದಿತ್ತು. ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೊಸನಗರಕ್ಕೆ ಹೋದವಳು ಎರಡು ದಿನ ಉಳಿದು ಬಂದೆ. ಬಂದು ನೋಡಿದರೆ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ತಟ್ಟೆಯಲ್ಲಿ ನೀರುದೋಸೆ ಹಾಗೇ ಇತ್ತು. ಹಣೆ ಮುಟ್ಟಿ ನೋಡಿದೆ. "ಜ್ವರ ಇಲ್ಲ. ಮತ್ತೆಂತ ನಿಂಗೆ?"

"ಬೈಬಾರ್ದು" ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಹಿಂದಿನ ಎರಡು ದಿನ ಗೆರೆ ಎದ್ದೇ ಇರಲಿಲ್ಲ. "ಮಂಜಣ್ಣನ ಹೋಟ್ಲು ಎರಡೂ ದಿನ ತೆಗ್ದಿತ್ತು ಸಿಸ್ಟರಮ್ಮ. ಇಲ್ಲಿ ಇಲ್ದಿದ್ದವ್ರು ಅಂದ್ರೆ... ನೀವೊಬ್ರೇ."

ಡೈರಿ ತಂದೆ. ಪುಟದಿಂದ ಪುಟಕ್ಕೆ ನನ್ನದೇ ದುಂಡು ಅಕ್ಷರ: 'ಆರು ಹತ್ತು, ಬ್ಲೀಚಿಂಗ್, ಬಕೆಟ್ ಒಂದು.' ಬೇಸಿಗೆಯ ಆ ಸಣ್ಣ ಹರಿವಿಗೆ ಒಂದು ಬಕೆಟ್ಟೇ ಸಾಕಾಗಿತ್ತು. ಎಷ್ಟು ಮರಿಗಳು ಹೋದವೋ. ಅದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಡೈರಿ ಮುಚ್ಚಿ ಒಳಗಿಟ್ಟಿದ್ದರೆ ಚೈತ್ರ ಬಾಯಿ ಬಿಡುತ್ತಿರಲಿಲ್ಲ. ನನ್ನ ಮನೆಯಲ್ಲಿ ಉಂಡು ನನ್ನ ಮೇಲೇ ಬರೆಯುವುದು ಹೇಗೆಂಬ ಸಂಕೋಚ ಅವಳಿಗೆ. ಆದರೆ ಬೇಲಿಯ ಹತ್ತಿರ ನಿಂತಿದ್ದ ಮಂಜಣ್ಣನ ಮುಖ ನನಗೆ ನೆನಪಾಯಿತು.

"ಬರಿ" ಎಂದೆ. "ಕಾಲುಸಂಕದ ಪಕ್ಕದ ಮನೆ. ನಿವೃತ್ತ ನರ್ಸು. ಬೆಳಿಗ್ಗೆ ಆರು ಹತ್ತು, ಪ್ರತಿದಿನ. ಪ್ರತಿದಿನ ಅನ್ನೋದಕ್ಕೆ ಅಡಿಗೆರೆ ಹಾಕು."

ಚೈತ್ರ ಕಣ್ಣೊರೆಸಿಕೊಳ್ಳುತ್ತಲೇ ನಗಲು ಶುರುಮಾಡಿದಳು. ಒಂದಾದ ಮೇಲೊಂದು ಐದು ದೋಸೆ ತಿಂದಳು.

ಅವತ್ತೇ ಹೋಟೆಲಿಗೆ ಹೋಗಿ, ಅದೇ ಬಟ್ಟೆಯಲ್ಲಿ ಒರೆಸಿದ ಟೇಬಲ್ಲಿನ ಮುಂದೆ ಕೂತು ಚಹಾ ಕುಡಿದೆ. "ತಪ್ಪಾಯ್ತು ಮಂಜಣ್ಣ" ಎಂದು ಎಲ್ಲ ಹೇಳಿದೆ.

ಅವನು ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಬಿಡಿ ಸಿಸ್ಟರೇ! ನೀವು ಮೆಷಿನ್ನು ಅಂತ ಈ ಬೀದಿಗೆಲ್ಲ ಗೊತ್ತಿತ್ತು. ಆ ಹುಡುಗಿಗೆ ಕಂಡುಹಿಡಿಯೂಕೆ ಎರಡು ತಿಂಗ್ಳು ಬೇಕಾಯ್ತು!"

"ಸರಿ, ಆ ಬಟ್ಟೆ ಬದ್ಲಾಯ್ಸು" ಎಂದು ಎದ್ದು ಬಂದೆ. ಬದಲಾಯಿಸಿದ್ದಾನೆ.

ಈಗ ಚರಂಡಿಗೆ ಏನನ್ನೂ ಸುರಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಸಂಕದ ಕೆಳಗಡೆಗೂ ಮರಿಗಳು ಇಳಿದುಬಂದವು. ಆರು ಹತ್ತಕ್ಕೆ ಎಣಿಸಿ, ಡೈರಿಯಲ್ಲಿ ಬರೆದು, ಚೈತ್ರಳಿಗೆ ಕಳಿಸುವುದು ಈಗಿನ ಡ್ಯೂಟಿ. ವಾರ್ಡಿನಲ್ಲಾದರೆ ರೋಗಿಗಳು ಅವರವರ ಹಾಸಿಗೆಯಲ್ಲಿ ಇರುತ್ತಿದ್ದರು. ಇವಕ್ಕೆ ಶಿಸ್ತೆಂಬುದೇ ಇಲ್ಲ. ಇವತ್ತು ಮೂರು ಸಲ ಎಣಿಸಿ ಹದಿನೆಂಟು ಎಂದು ಬರೆದೆ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಮಿಂಚುಳ್ಳಿ ನೀರಿಗೆ ಎರಗಿ, ಕೊಕ್ಕಿನಲ್ಲಿ ಬೆಳ್ಳಗಿನ ಮರಿಯೊಂದನ್ನು ಕಚ್ಚಿ ಮತ್ತೆ ಗೂಟಕ್ಕೆ ಬಂದು ಕೂತಿತು.

ಮುಚ್ಚಳ ತೆಗೆದೆ. ಹದಿನೆಂಟನ್ನು ಹೊಡೆದು ಹದಿನೇಳು ಎಂದು ತಿದ್ದಿದೆ.