ಶರಣಕ್ಕನ ಹೀರೋಗಳು

ಶರಣಕ್ಕ ಅಳುತ್ತಿದ್ದರೂ ಅವಳ ಹೊಲಿಗೆ ಸೊಟ್ಟಗಾಗುತ್ತಿರಲಿಲ್ಲ. ಶಿವಾಜಿನಗರದ ನಮ್ಮ ಬ್ಲೌಸ್ ಅಂಗಡಿಯಲ್ಲಿ ನನ್ನ ಪಕ್ಕದ ಮೆಷಿನ್ ಅವಳದು. ಎದುರಿಗೆ ಮೊಬೈಲ್ ಒರಗಿಸಿಟ್ಟು ಸಿನಿಮಾ ಹಾಕಿಕೊಳ್ಳುತ್ತಿದ್ದಳು. ಯಾವಾಗಲೂ ಒಂದೇ ಥರದವು: ಹೀರೋ ಕುಳ್ಳ, ಇಲ್ಲವೇ ಪೆದ್ದ, ಇಲ್ಲವೇ ಕೆಲಸವಿಲ್ಲದವನು, ಊರೆಲ್ಲ ನಕ್ಕರೂ ಒಬ್ಬ ಹುಡುಗಿ ಮಾತ್ರ ಅವನನ್ನು ಮೆಚ್ಚಬೇಕು. ಮೆಚ್ಚಿದ ಕೂಡಲೇ ಇವಳ ಕಣ್ಣಲ್ಲಿ ನೀರು. “ಇಂಥವರಿಗೂ ಯಾರರ ಬೇಕಲ್ಲವ್ವ,” ಎನ್ನುತ್ತ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು.

ಯಾದಗಿರಿ ಕಡೆಯವಳು. ತುಟಿಯ ಸುತ್ತ, ಕೈಬೆರಳುಗಳ ಮೇಲೆ ತೊನ್ನಿನ ಬಿಳಿ ಕಲೆ. ಮೂರು ಸಲ ಗಂಡಿನ ಕಡೆಯವರು ಬಂದು, ಕೊಟ್ಟ ಚಹಾ ಕೂಡ ಮುಟ್ಟದೆ ಎದ್ದುಹೋಗಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವಳು ಅತ್ತಿರಲಿಲ್ಲ.

ಅಂಗಡಿಗೆ ನೂಲು, ಹುಕ್ಕು ತಂದುಕೊಡುತ್ತಿದ್ದ ಮುರುಗೇಶನಿಗೆ ಮಾತು ತೊದಲುತ್ತಿತ್ತು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ಶ… ಶರಣಮ್ಮ ಅವರು ನನ್ನ ಒ… ಒಪ್ತಾರಾ? ಸ್ವಲ್ಪ ಕೇಳ್ತೀರಾ ಮೇಡಂ?” ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆವರಿ ಒದ್ದೆ. ನನಗಂತೂ ಖುಷಿಯೋ ಖುಷಿ. ಇವಳ ಸಿನಿಮಾವೇ ಬಾಗಿಲಿಗೆ ಬಂದಿದೆ ಅಂದುಕೊಂಡೆ.

ಶರಣಕ್ಕನಿಗೆ ಹೇಳಿದರೆ, ನಕ್ಕುಬಿಟ್ಟಳು. ಎಲ್ಲರೆದುರು ಅವನ ಹಾಗೇ ತೊದಲಿ ತೋರಿಸಿದಳು. ಅಷ್ಟರಲ್ಲಿ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಿದ್ದ ಮುರುಗೇಶ ಅದನ್ನು ಹೊಸ್ತಿಲಲ್ಲೇ ಇಟ್ಟು ಹೋದ. ಮತ್ತೆ ಬರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. “ಫೋನಲ್ಲಿ ಇಂಥವನನ್ನ ನೋಡಿ ಅಳ್ತೀಯ, ಎದುರಿಗೆ ಬಂದ್ರೆ ಅಣಕಿಸ್ತೀಯಾ? ನಾಚ್ಕೆ ಆಗಲ್ವೇನಕ್ಕ?”

ಅವಳ ನಗು ನಿಂತಿತು. “ಸಿನಿಮಾದಾಗ ಅಂಥವಗ ಎಂಥಾಕಿ ಸಿಗ್ತಾಳ, ನೋಡಿದಿಲ್ಲೋ? ಛಂದನ ಹುಡುಗಿ. ಅದಕ್ಕ ಅಂವ ಗೆದ್ದಂಗ. ನನ್ನ ಕಟ್ಕೊಂಡರ ಅಂವ ಏನ್ ಗೆದ್ದಂಗಾಗ್ತದ?”

“ಅವನು ಗೆಲ್ಲೋಕೆ ಬಂದಿದ್ನಾ? ನೀನು ಬೇಕು ಅಂತ ಬಂದಿದ್ದ!”

ಅವಳು ಮೆಷಿನ್ ಕಡೆ ತಿರುಗಿ ಹೊಲಿಯತೊಡಗಿದಳು. ಅಂದಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳ ಮೇಲೆ ಸಿಟ್ಟು, ಅವಳ ತಲೆಯಲ್ಲಿ ಇಂಥ ಲೆಕ್ಕ ತುಂಬಿದ ಆ ಸಿನಿಮಾಗಳ ಮೇಲೂ ಸಿಟ್ಟು. ಒಂದೆರಡು ಸಲ ಅವಳು ಡಬ್ಬಿ ತೆರೆದು ಜೋಳದ ರೊಟ್ಟಿ ನನ್ನ ಕಡೆ ಸರಿಸಿದಳು. ನಾನು ಕತ್ತು ತಿರುಗಿಸಲಿಲ್ಲ.

ಒಂಬತ್ತನೇ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಸಂಜೆ ಜೋಗುಪಾಳ್ಯದ ಅವಳ ರೂಮಿಗೆ ಹೋದರೆ ಬೀಗ.

“ಬೆಳಿಗ್ಗೆನೇ ರೂಮ್ ಖಾಲಿ ಮಾಡಿದ್ಲು. ಕೆ.ಆರ್. ಪುರದ ಕಡೆ ಯಾವ್ದೋ ಗಾರ್ಮೆಂಟ್ಸಿಗೆ ಸೇರ್ಕೊಂಡ್ಳಂತೆ,” ಎಂದರು ಮನೆ ಓನರಮ್ಮ.

“ಯಾವುದು ಅಂತ ಹೇಳಿದ್ಲಾ?”

ಅವರು ನನ್ನನ್ನೇ ನೋಡಿದರು. “ನಿಮಗೆ ಹೇಳಿಲ್ವಾ? ನಿಮ್ಮನ್ನ ತಂಗಿ ತಂಗಿ ಅಂತಿದ್ಲಲ್ಲ.”