ಜೀಪಿನ ಕೊಂಡಿಗೆ ಮಾಡಿಸಿದ ಸೈಕಲ್ ಸ್ಟ್ಯಾಂಡು

ಅಕ್ಕವ್ವಾ, ತಮ್ಮಣ್ಣಾ, ನನ್ನ ಮೊಮ್ಮಕ್ಕಳೇ, ಹಿತ್ತಲಲ್ಲಿ ಕೋಳಿಗಳು ಕೂರುವ ಆ ಕಬ್ಬಿಣದ ಚೌಕಟ್ಟು ಏನೆಂದು ಕೇಳಿದ್ದಿರಿ. ಆಗ ಹೇಳಲಾಗಲಿಲ್ಲ. ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಅಕ್ಷರ, ತಿದ್ದಿಕೊಂಡು ಓದಿ.

ಕಾಲುವೆಗೆ ನೀರು ಬಂದ ಮೇಲೆ ನಿಮ್ಮ ಮುತ್ಯಾನಿಗೆ, ಅಂದರೆ ನನ್ನ ಯಜಮಾನರಿಗೆ, ಗೇಟು ನೋಡುವ ಕೆಲಸ ಸಿಕ್ಕಿತ್ತು. ದಿನಗೂಲಿ. ಬೆಳಿಗ್ಗೆ ಕಾಲುವೆಯ ಮೇಲ್ತುದಿಗೆ ಹೋಗಿ, ಅಲ್ಲಿಂದ ದಂಡೆಗುಂಟ ಒಂದೊಂದೇ ತೂಬು ಎತ್ತುತ್ತ, ಇಳಿಸುತ್ತ ಸೈಕಲ್ಲಿನ ಮೇಲೆ ಮನೆ ಕಡೆ ಬರಬೇಕು. ಮೊಣಕಾಲು ಬಾತ ಮೇಲೆ ಎರಡೂ ದಾರಿ ತುಳಿಯುವುದು ಆಗದಾಯಿತು. ಹೋಗದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ನಾನು ಹತ್ತಿ ಬಿಡಿಸಿದ ಕೂಲಿಯೊಂದರಿಂದಲೇ ಮನೆ ನಡೆಯುತ್ತಿರಲಿಲ್ಲ.

ನನ್ನ ಮೈದುನ ದೋರನಹಳ್ಳಿ ಕಡೆಯಿಂದ ಶಹಾಪುರಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ. ಬೆಳಿಗ್ಗೆ ಅಣ್ಣನನ್ನು ಮೇಲ್ತುದಿಗೆ ಬಿಡುತ್ತೇನೆ ಎಂದ. ಆದರೆ ಜೀಪಿನ ಟಾಪಿನ ಮೇಲೆ ಮೆಣಸಿನಕಾಯಿ ಚೀಲ, ಚೀಲದ ಮೇಲೆ ಜನ. ಸೈಕಲ್ಲಿಗೆ ಜಾಗವಿಲ್ಲ. ಹಿಂದುಗಡೆ ಟ್ರೇಲರ್ ಎಳೆಯುವ ಕೊಂಡಿಯೊಂದಿತ್ತು. ಅದಕ್ಕೆ ಸ್ಟ್ಯಾಂಡು ಮಾಡಿಸೋಣವೆಂದು ಅಣ್ಣತಮ್ಮ ಇಬ್ಬರೂ ಶಹಾಪುರದ ವೆಲ್ಡಿಂಗ್ ಅಂಗಡಿಗೆ ಹೋದರು. ಸಂತೆಗೆ ಬಂದಿದ್ದ ನಾನೂ ಚೀಲ ಹಿಡಿದು ಬದಿಗೆ ನಿಂತೆ.

“ಎರಡು ನಮೂನಿ ಮಾಡಬಹುದು ನೋಡ್ರಿ,” ಅಂದ ಮಿಸ್ತ್ರಿ. “ಎರಡು ಕೈ ಚಾಚಿ ಕೊಟ್ರ ಸೈಕಲ್ಲಿನ ಅಡ್ಡ ಪೈಪು ಅದರ ಮ್ಯಾಲ ಜೋತುಬೀಳತದ. ಇಲ್ಲಾಂದ್ರ ಕೆಳಗ ಗಾಲಿ ಕುಂದರೂವಂಗ ಪಟ್ಟಿ ಹಾಕ್ತೀನಿ. ಅದು ಭಾರ ಆಗತದ.”

“ಜೋತುಬೀಳೂದೇ ಮಾಡು,” ಅಂದ ಮೈದುನ. “ಪಟ್ಟಿ ಅಡ್ಡ ಬಂದ್ರ ಹಿಂದಿನಿಂದ ಮುದುಕೇರು ಹ್ಯಾಂಗ ಹತ್ತತಾರ? ನನ್ನ ಎತ್ತಿ ಒಳಗ ಹಾಕೋ ಅಂತಾರ.”

ನಿಮ್ಮ ಮುತ್ಯಾ ಹೂಂ ಅಂದರು. ನನಗೆ ಅದು ಸರಿಬರಲಿಲ್ಲ. ಅವರ ದೊಡ್ಡ ಸೈಕಲ್ಲಿನ ಪೈಪು ದಾಟಿಸಲು ಅವರು ಕಲ್ಲಿನ ಮೇಲೆ ನಿಂತು, ಕಾಲನ್ನು ಕೈಯಿಂದ ಎತ್ತಿ ಹಾಕುತ್ತಿದ್ದುದನ್ನು ನೋಡಿದ್ದೆ. ನಿಮ್ಮ ಅವ್ವ ಶಾಲೆಗೆ ಹೋಗುತ್ತಿದ್ದ ಸೈಕಲ್ ಮನೆಯಲ್ಲೇ ಇತ್ತು. ಅದನ್ನು ಅವರು ಸುಲಭವಾಗಿ ಹತ್ತಬಲ್ಲರು. ಆದರೆ ಅದಕ್ಕೆ ಅಡ್ಡ ಪೈಪೇ ಇಲ್ಲ, ಜೋತುಬೀಳಿಸುವುದು ಯಾವುದನ್ನು? ಅದು ಅವರಿಗೂ ಗೊತ್ತಿತ್ತು. ಮಿಸ್ತ್ರಿಯ ಮುಂದೆ ಹೇಳಲು ಮನಸ್ಸಿರಲಿಲ್ಲ.

“ಗಾಲಿ ಕುಂದರೂದೇ ಮಾಡ್ರಿ,” ಅಂದೆ, ನೆಲ ನೋಡಿಕೊಂಡು.

“ಯಾಕವ್ವಾ?”

“ಒಯ್ಯೂದು ಹೆಣ್ಮಕ್ಕಳ ಸೈಕಲ್ಲರಿ.”

ಮಿಸ್ತ್ರಿ ನಕ್ಕ. “ಯಜಮಾನ್ರಿಗೆ ಬಳಿನೂ ಇಡಸ್ತೀರೇನು?”

ಮುತ್ಯಾ ರಸ್ತೆಯ ಕಡೆ ತಿರುಗಿ ನಿಂತರು. ಮೈದುನ ಮಾತ್ರ ನಗಲಿಲ್ಲ. “ಅತ್ತಿಗಿ ಬಾಯಿ ಬಿಟ್ಟಾರಂದ್ರ ಅದನ್ನೇ ಮಾಡು. ಸೈಕಲ್ ಇಳಿಸಿದ ಮ್ಯಾಲ ಮಡಚಾಕ ಬರಬೇಕು, ಅಷ್ಟ,” ಅಂದ.

ಮನೆ ಮುಟ್ಟಿದ ಮೇಲೆ ಮುತ್ಯಾ ಕೇಳಿದರು: “ಮಂದ್ಯಾಗ ಹೇಳೂದು ಬೇಕಿತ್ತೇನು?”

“ನೀವು ಹೇಳತೀರಂತ ಕಾದೆ,” ಅಂದೆ. ಅವರು ಮುಖ ತೊಳೆಯಲು ಹೋದರು.

ಸ್ಟ್ಯಾಂಡು ಕೂಡಿಸಿದ ಮೇಲೆ, ಶಾಲೆ ಹುಡುಗಿಯ ಸೈಕಲ್ ಕಂಡು ಹೊಲದವರು ದಂಡೆಯ ಮೇಲೆ ಕಾಡಿಸತೊಡಗಿದರು: “ನೀರು ಬಿಡಾಕ ಬಂದೀರೋ, ಸಾಲಿಗಿ ಹೊಂಟೀರೋ?” ಮುತ್ಯಾ ಊರ ಹೊರಗೇ ಇಳಿದು, ಸೈಕಲ್ ನೂಕಿಕೊಂಡು ಕುಂಟುತ್ತ ಬರುತ್ತಿದ್ದರು. ಹತ್ತಿ ಹೊಲದಿಂದ ನೋಡುತ್ತಿದ್ದೆ. ಬೆನ್ನು ನೆಟ್ಟಗೆ ಮಾಡಿ, ಸೈಕಲ್ ಏರಿಯೇ ಬನ್ನಿ ಎಂದು ಕೂಗುವಷ್ಟು ಶಕ್ತಿ ನನಗೂ ಇರುತ್ತಿರಲಿಲ್ಲ.

ಒಂದು ಸಂಜೆ ಬಾಗಿಲವರೆಗೂ ಸೈಕಲ್ಲಿನ ಮೇಲೇ ಬಂದರು. “ನಡ್ಯಾಕ ಆಗಲಿಲ್ಲ,” ಅಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಮರುದಿನವೂ ಹಾಗೇ ಬಂದರು. ಕೈಕಾಲು ಆಡುವವರೆಗೂ ಆ ಕೆಲಸ ಅವರ ಬಳಿಯೇ ಉಳಿಯಿತು.  ರಾತ್ರಿ ರೊಟ್ಟಿ ತಿಂದು ಮಲಗಿಬಿಡುತ್ತಿದ್ದೆವು. ಅವರು ಕೆಲಸ ಬಿಟ್ಟ ಮೇಲೆ ಮೈದುನ ಆ ಸ್ಟ್ಯಾಂಡು ಬಿಚ್ಚಿ ತಂದು ಹಿತ್ತಲಲ್ಲಿ ಇಟ್ಟ, ಕೋಳಿಗಳು ಕೂರುವುದು ಅದರ ಮೇಲೇ.

ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಇಡಿ. ಇನ್ನೊಮ್ಮೆ ಬರೆಯುವುದು ನನ್ನಿಂದ ಆಗದು.